ಶ್ರೀನಿವಾಸಪುರದ ಚಳಿಗಾಲ: ಮೋಡ ಮತ್ತು ಮಾವಿನ ಹೂ

ಕೋಲಾರ ಜಿಲ್ಲೆಯ ಶ್ರೀನಿವಾಸಪುರ ಮಾವಿಗೆ ಹೆಸರಾದ ಸಣ್ಣ ಪಟ್ಟಣ. ಡಿಸೆಂಬರ್ ಕಾಲಿಟ್ಟೊಡನೆ ಅಲ್ಲಿನ ಬೆಳೆಗಾರರ ಕಣ್ಣು ಕೊಂಬೆಗಳ ತುದಿಯ ಮೇಲಿರುತ್ತದೆ. ಅಲ್ಲಿ ಒಡೆಯುವ ಮೊಗ್ಗು ಹೂಗೊಂಚಲಾದರೆ ಬೇಸಿಗೆಗೆ ಫಸಲು. ಎಲೆಯ ಚಿಗುರಾದರೆ ಆ ಕೊಂಬೆಯಿಂದ ಆ ವರ್ಷ ಹೆಚ್ಚೇನೂ ನಿರೀಕ್ಷಿಸುವಂತಿಲ್ಲ. ಬಲಿತ ಕೊಂಬೆಯಲ್ಲಿ ಯಾವುದು ಮೂಡಬೇಕೆಂಬುದನ್ನು ಬಹುಮಟ್ಟಿಗೆ ನಿರ್ಧರಿಸುವುದು ರಾತ್ರಿಯ ತಂಪು. ಕೆಲವು ವಾರ ರಾತ್ರಿಯ ಉಷ್ಣತೆ 15 ಡಿಗ್ರಿ ಸೆಲ್ಸಿಯಸ್ ಆಸುಪಾಸಿಗೆ ಇಳಿಯುತ್ತಿದ್ದರೆ ಹೂ ಬರುವ ಸಂಭವ ಹೆಚ್ಚು. ಹಾಗಾಗಿ ‘ಈ ಸಲ ಚಳಿ ಹೇಗಿದೆ?’ ಎಂಬುದು ಇಲ್ಲಿ ಕುಶಲೋಪರಿಯ ಪ್ರಶ್ನೆಯಲ್ಲ.

ಭಾರತೀಯ ಹವಾಮಾನ ಇಲಾಖೆ ಡಿಸೆಂಬರ್‌ನಿಂದ ಫೆಬ್ರವರಿವರೆಗಿನ ಮುನ್ನೋಟವನ್ನು ಋತುವಿನ ಆರಂಭದಲ್ಲಿ ಪ್ರಕಟಿಸುತ್ತದೆ. ಉಷ್ಣತೆ ವಾಡಿಕೆಗಿಂತ ಹೆಚ್ಚು, ವಾಡಿಕೆಯಷ್ಟು, ವಾಡಿಕೆಗಿಂತ ಕಡಿಮೆ ಎಂಬ ಮೂರು ವರ್ಗಗಳಲ್ಲಿ ಯಾವುದಕ್ಕೆ ಎಷ್ಟು ಸಂಭವನೀಯತೆ ಎಂಬುದಷ್ಟೇ ಅದರಲ್ಲಿರುವುದು. ಏನೂ ಗೊತ್ತಿಲ್ಲದಿದ್ದರೆ ಪ್ರತಿ ವರ್ಗಕ್ಕೂ ಮೂರರಲ್ಲೊಂದು ಪಾಲು ಕೊಡಬೇಕಾಗುತ್ತದೆ. ‘ವಾಡಿಕೆಗಿಂತ ಹೆಚ್ಚು’ ಎಂಬುದಕ್ಕೆ ಶೇಕಡ 50 ಎಂದಿದ್ದರೆ ಉಳಿದ 50 ಇನ್ನೆರಡು ವರ್ಗಗಳಿಗೆ ಸೇರಿದ್ದು. ಪತ್ರಿಕೆಗಳ ತಲೆಬರಹದಲ್ಲಿ ಈ ಅಂಶ ಕಾಣೆಯಾಗುತ್ತದೆ. ಅಲ್ಲದೆ, ಇದು ಮೂರು ತಿಂಗಳ ಸರಾಸರಿಯ ಮಾತು. ಒಂದು ಪಟ್ಟಣದ ಒಂದು ರಾತ್ರಿ ಎಷ್ಟು ತಣ್ಣಗಾಗುತ್ತದೆ ಎಂಬುದು ಆ ರಾತ್ರಿಯ ಗಾಳಿ, ತೇವ ಮತ್ತು ಮುಖ್ಯವಾಗಿ ಮೋಡವನ್ನು ಅವಲಂಬಿಸಿದೆ.

ಹಗಲು ಬಿಸಿಲಿಗೆ ಕಾದ ನೆಲ ರಾತ್ರಿ ಅವಕೆಂಪು ವಿಕಿರಣದ ರೂಪದಲ್ಲಿ ಶಾಖವನ್ನು ಹೊರಸೂಸುತ್ತದೆ. ಆಕಾಶ ನಿರ್ಮಲವಾಗಿ ಗಾಳಿ ಒಣಗಿದ್ದರೆ ಸುಮಾರು 8ರಿಂದ 13 ಮೈಕ್ರೋಮೀಟರ್ ತರಂಗಾಂತರದ ವಿಕಿರಣ ಹೆಚ್ಚು ಅಡ್ಡಿಯಿಲ್ಲದೆ ಬಾಹ್ಯಾಕಾಶಕ್ಕೆ ಹೋಗುತ್ತದೆ. ನೆಲ ಬೇಗ ತಣಿಯುತ್ತದೆ. ಮೋಡವಿದ್ದರೆ ಅದರ ಹನಿಗಳು ಈ ವಿಕಿರಣವನ್ನು ಹೀರಿಕೊಂಡು ತಾವೂ ವಿಕಿರಣ ಸೂಸುತ್ತವೆ. ಅದರಲ್ಲೊಂದು ಭಾಗ ನೆಲಕ್ಕೆ ಮರಳುತ್ತದೆ. ಮೋಡವನ್ನು ಕಂಬಳಿಗೆ ಹೋಲಿಸುವುದು ರೂಢಿ. ಆದರೆ ಎಲ್ಲ ಕಂಬಳಿಗಳೂ ಒಂದೇ ದಪ್ಪದವಲ್ಲ. ಮೋಡದ ಬಗೆ ತಿಳಿಯಬೇಕಾದದ್ದು ಇದಕ್ಕಾಗಿ.

ಲಂಡನ್ನಿನ ಔಷಧ ತಯಾರಕ ಲ್ಯೂಕ್ ಹೊವಾರ್ಡ್ 1802ರಲ್ಲಿ ಮೋಡಗಳಿಗೆ ಲ್ಯಾಟಿನ್ ಹೆಸರುಗಳನ್ನು ಸೂಚಿಸಿದ. ಸಿರಸ್ ಎಂದರೆ ಕೂದಲ ಸುರುಳಿ, ಕ್ಯುಮುಲಸ್ ಎಂದರೆ ರಾಶಿ, ಸ್ಟ್ರೇಟಸ್ ಎಂದರೆ ಪದರು, ನಿಂಬಸ್ ಎಂದರೆ ಮಳೆಮೋಡ. ನಮ್ಮ ಪಠ್ಯಪುಸ್ತಕಗಳ ಹಿಮಕಣ ಮೋಡ, ರಾಶಿ ಮೋಡ, ಪದರು ಮೋಡ, ರಾಶಿ ವೃಷ್ಟಿ ಮೋಡಗಳಿಗೆ ಮೂಲ ಇದೇ. ವಿಶ್ವ ಹವಾಮಾನ ಸಂಸ್ಥೆ ಇಂದು ಹತ್ತು ಮುಖ್ಯ ಬಗೆಗಳನ್ನು ಗುರುತಿಸುತ್ತದೆ. ಉಷ್ಣವಲಯದಲ್ಲಿ ಕೆಳಮೋಡಗಳ ತಳ ಸುಮಾರು 2 ಕಿ.ಮೀ. ಒಳಗೆ, ಮಧ್ಯಮ ಮೋಡಗಳದ್ದು 2ರಿಂದ 8, ಎತ್ತರದ ಮೋಡಗಳದ್ದು 6ರಿಂದ 18 ಕಿ.ಮೀ. ಎತ್ತರದಲ್ಲಿರುತ್ತದೆ.

ಸಿರಸ್ ಮೋಡ ತೆಳು. ಹಿಮಕಣಗಳಿಂದಾದ ಅದು ಬಲು ಶೀತಲವಾದ್ದರಿಂದ ನೆಲಕ್ಕೆ ಮರಳಿಸುವ ವಿಕಿರಣವೂ ಅಲ್ಪ. ಸಾವಿರ ಮೀಟರ್ ಎತ್ತರದ ದಟ್ಟ ಪದರು ಮೋಡದ ತಳವಾದರೋ ನೆಲಕ್ಕಿಂತ ಕೆಲವೇ ಡಿಗ್ರಿ ತಣ್ಣಗಿರುತ್ತದೆ. ನೆಲ ಕಳೆದುಕೊಂಡ ಶಾಖದ ಬಹುಪಾಲನ್ನು ಹಿಂದಿರುಗಿಸುತ್ತದೆ. ಆದ್ದರಿಂದ ‘ಮೋಡ ಕವಿದ ವಾತಾವರಣ’ ಎಂದಷ್ಟೇ ಹೇಳಿದರೆ ಬೆಳೆಗಾರನಿಗೆ ಸಿಗುವ ಮಾಹಿತಿ ಅರ್ಧ.

ಶ್ರೀನಿವಾಸಪುರ ಪ್ರಸ್ಥಭೂಮಿಯ ಪೂರ್ವದ ಅಂಚಿನಲ್ಲಿದೆ. ಚೆನ್ನೈ ಕಡೆಯ ಕಡಲತೀರ ನೇರ ದೂರದಲ್ಲಿ ಇನ್ನೂರ ಚಿಲ್ಲರೆ ಕಿ.ಮೀ. ಬಂಗಾಳ ಕೊಲ್ಲಿಯಲ್ಲಿ ವಾಯುಭಾರ ಕುಸಿದಾಗ ಅದರ ಸೂಚನೆ ಆಕಾಶದಲ್ಲಿ ಮೊದಲೇ ಸಿಗುವುದುಂಟು. ಮೊದಲು ಸಿರಸ್ ಎಳೆಗಳು. ಬಳಿಕ ಆಕಾಶವನ್ನೆಲ್ಲ ಹಾಲಿನ ಪೊರೆಯಂತೆ ಮುಚ್ಚುವ ಸಿರೋಸ್ಟ್ರೇಟಸ್. ಆಗ ಚಂದ್ರನ ಸುತ್ತ 22 ಡಿಗ್ರಿ ತ್ರಿಜ್ಯದ ಬಳೆ ಕಾಣುತ್ತದೆ. ತೋಳು ಚಾಚಿ ಬೆರಳು ಅಗಲಿಸಿದರೆ ಹೆಬ್ಬೆರಳಿನಿಂದ ಕಿರುಬೆರಳಿಗೆ ಸರಿಸುಮಾರು ಅಷ್ಟೇ ಕೋನ. ಕುಸಿತ ಇತ್ತಲೇ ಸರಿದರೆ ಆಲ್ಟೋಸ್ಟ್ರೇಟಸ್ ದಟ್ಟವಾಗಿ ಸೂರ್ಯ ಮಸುಕಾಗುತ್ತಾನೆ; ಕೊನೆಗೆ ಕೆಳಗಿನ ಬೂದುಬಣ್ಣದ ಪದರು ಮತ್ತು ಜಡಿಮಳೆ. ಕೋಲಾರ, ಬೆಂಗಳೂರು ಕಡೆಯವರು ಇದನ್ನೇ ‘ಸೈಕ್ಲೋನ್ ಹಿಡಿದಿದೆ’ ಎನ್ನುವುದು. 2022ರ ಡಿಸೆಂಬರ್ 9ರ ರಾತ್ರಿ ಮಾಮಲ್ಲಪುರದ ಬಳಿ ತೀರ ದಾಟಿದ ಮಾಂಡೌಸ್ ಚಂಡಮಾರುತದ ವೇಳೆ ಈ ಭಾಗದಲ್ಲಿ ಹಗಲೂ ಸ್ವೆಟರ್ ಬೇಕಾಗಿತ್ತು.

ಇಲ್ಲೊಂದು ವಿಚಿತ್ರವಿದೆ. ಅಂಥ ದಿನಗಳಲ್ಲಿ ನಮಗೆ ವಿಪರೀತ ಚಳಿ ಎನಿಸುವುದು ಹಗಲಿನ ಬಿಸಿಲು ತಪ್ಪಿ, ತೇವದ ಗಾಳಿ ಬೀಸುವುದರಿಂದ. ರಾತ್ರಿ ಮಾತ್ರ ನಿರ್ಮಲ ಆಕಾಶದ ರಾತ್ರಿಯಷ್ಟು ತಣಿಯುವುದಿಲ್ಲ. ಗರಿಷ್ಠ ಮತ್ತು ಕನಿಷ್ಠ ಉಷ್ಣತೆಗಳು ಹತ್ತಿರ ಬರುತ್ತವೆ. ನಡುಗುವವರು ನಾವು, ಮಾವಿಗೆ ಬೇಕಾದ ತಂಪು ರಾತ್ರಿ ಇದಲ್ಲ.

ಹೂ ಆಗಲೇ ಬಂದಿದ್ದರೆ ಚಿಂತೆ ಬೇರೆ. ಹೂಗೊಂಚಲು ಒದ್ದೆಯಾಗಿಯೇ ಉಳಿದರೆ ಚಿಬ್ಬು ರೋಗ ತಗಲುತ್ತದೆ. ಸಿಂಪಡಿಸಿದ ಔಷಧ ಜಡಿಮಳೆಗೆ ತೊಳೆದುಹೋದರೆ ಹಣವೂ ನೀರುಪಾಲು. ಮಳೆ ನಿಂತು ಆಕಾಶ ತಿಳಿಯಾದ ಮೇಲೂ ಎಚ್ಚರ ತಪ್ಪುವಂತಿಲ್ಲ. ಒದ್ದೆ ನೆಲ, ನಿಶ್ಚಲ ಗಾಳಿ, ತೆರೆದ ಆಕಾಶ ಸೇರಿದರೆ ಬೆಳಗಿನ ಜಾವ ಮಂಜು ಕಟ್ಟುತ್ತದೆ. ಮಂಜೆಂದರೆ ನೆಲಕ್ಕಿಳಿದ ಪದರು ಮೋಡವೇ. ಗೋಚರತೆ 1 ಕಿ.ಮೀ.ಗಿಂತ ಕಡಿಮೆಯಾದರೆ ಮಾತ್ರ ಹವಾಮಾನ ಶಾಸ್ತ್ರದಲ್ಲಿ ಅದಕ್ಕೆ ಮಂಜೆಂಬ ಹೆಸರು. ತಂಪು ರಾತ್ರಿ, ತೇವದ ಗಾಳಿ ಬೂದಿ ರೋಗಕ್ಕೂ ಹಿತ.

ಶಾಲೆಯಲ್ಲಿ ಇದನ್ನು ಅಳೆದು ನೋಡಬಹುದು. ಬೇಕಾದದ್ದು ಗರಿಷ್ಠ-ಕನಿಷ್ಠ ತಾಪಮಾಪಕ ಮತ್ತು ಒಂದು ನೋಟ್ ಪುಸ್ತಕ. ಆಕಾಶವನ್ನು ಎಂಟು ಪಾಲು ಮಾಡಿ ಮೋಡ ಎಷ್ಟು ಪಾಲು ಮುಚ್ಚಿದೆ ಎಂದು ಬರೆಯುವುದು ವೀಕ್ಷಣಾಲಯಗಳ ಕ್ರಮ. ಈ ಮಾನದ ಹೆಸರು ಆಕ್ಟಾ. ಮಲಗುವ ಮುನ್ನ ಆಕ್ಟಾ ಸಂಖ್ಯೆಯನ್ನೂ ಮೋಡದ ಬಗೆಯನ್ನೂ, ಮರುದಿನ ಬೆಳಗ್ಗೆ ಕನಿಷ್ಠ ಉಷ್ಣತೆಯನ್ನೂ ದಾಖಲಿಸಿ. ರಾತ್ರಿ ಮೋಡದ ಬಗೆ ತಿಳಿಯುವುದು ಕಷ್ಟ; ಮೋಡದ ಮೂಲಕ ನಕ್ಷತ್ರಗಳು ಕಂಡರೆ ‘ತೆಳು’, ಕಾಣದಿದ್ದರೆ ‘ದಟ್ಟ’ ಎಂದು ಬರೆದರೂ ಆದೀತು. ಡಿಸೆಂಬರ್, ಜನವರಿಯ ಅರುವತ್ತು ರಾತ್ರಿಗಳ ಲೆಕ್ಕ ಸಿಕ್ಕ ಮೇಲೆ ತೆಳು ಮೋಡದ ಎಂಟು ಆಕ್ಟಾ ರಾತ್ರಿಗಳನ್ನೂ ದಟ್ಟ ಮೋಡದ ಎಂಟು ಆಕ್ಟಾ ರಾತ್ರಿಗಳನ್ನೂ ಬೇರೆ ಬೇರೆ ಬಣ್ಣದ ಚುಕ್ಕೆಗಳಿಂದ ಒಂದೇ ನಕ್ಷೆಯಲ್ಲಿ ಗುರುತಿಸಿ.