ಕಾರು ಮಾರಿ ಆರು ವರ್ಷ, ಆರ್‌ಸಿಯಲ್ಲಿ ಇನ್ನೂ ಅಪ್ಪನ ಹೆಸರು

ಹೋದ ತಿಂಗಳು ನಮ್ಮಪ್ಪನ ಫೋನಿಗೆ ಒಂದು ಮೆಸೇಜ್ ಬಂತು. ಟ್ರಾಫಿಕ್ ಚಲನ್, ಸಿಗ್ನಲ್ ಜಂಪ್. ಆ ಹೊತ್ತಲ್ಲಿ ಅಪ್ಪ ಮನೇಲಿ ಕೂತು ಕಾಫಿ ಕುಡೀತಿದ್ರು. ನಂಬರ್ ನೋಡಿದ್ರೆ ನಮ್ಮ ಹಳೇ ಕಾರು! ಮಾರಿ ಆರು ವರ್ಷ ಆಗಿದೆ. ಆವತ್ತು ಬ್ರೋಕರ್ ಒಬ್ರು ಕ್ಯಾಶ್ ಕೊಟ್ಟು, ಎರಡು ಖಾಲಿ ಫಾರ್ಮಿಗೆ ಸೈನ್ ಹಾಕಿಸ್ಕೊಂಡು, 'ಮಿಕ್ಕಿದ್ದು ನಾನು ನೋಡ್ಕೋತೀನಿ ಸಾರ್' ಅಂದಿದ್ರು. ನೋಡ್ಕೊಂಡಿಲ್ಲ.

ಚಲನ್ ಹೋಗ್ಲಿ, ಕಟ್ಟಿದ್ರೆ ಮುಗೀತು. ಭಯ ಇರೋದು ಬೇರೆ ಕಡೆ. ಮೋಟಾರು ವಾಹನ ಕಾಯ್ದೆ ಪ್ರಕಾರ ಗಾಡಿ ಯಾರ ಹೆಸರಲ್ಲಿ ರಿಜಿಸ್ಟರ್ ಆಗಿದೆಯೋ ಅವರೇ ಮಾಲೀಕರು. ನವೀನ್ ಕುಮಾರ್ ಮತ್ತು ವಿಜಯ್ ಕುಮಾರ್ ಕೇಸಲ್ಲಿ ಕಾರು ಒಬ್ಬರಿಂದ ಒಬ್ಬರಿಗೆ ಅಂತ ಹಲವರ ಕೈ ದಾಟಿತ್ತು, ಆರ್‌ಸಿ ಮಾತ್ರ ಮೊದಲನೆಯವರ ಹೆಸರಲ್ಲೇ ಇತ್ತು. 2009ರಲ್ಲಿ ಅಪಘಾತ ಆಯ್ತು, ಜೀವ ಹೋಯ್ತು. 2018ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು ಏನು ಗೊತ್ತಾ? ಪರಿಹಾರದ ಹೊಣೆ ಆರ್‌ಸಿಯಲ್ಲಿ ಹೆಸರಿರೋರದ್ದು. 'ನಾನು ಯಾವತ್ತೋ ಮಾರಿದೀನಿ' ಅನ್ನೋ ಮಾತು ನಡೀಲಿಲ್ಲ. ಇನ್ಶೂರೆನ್ಸ್ ಇದ್ರೆ ಕಂಪನಿ ಕೊಡತ್ತೆ. ಇಲ್ದಿದ್ರೆ ಆ ದುಡ್ಡು ಮನೆಯಿಂದಾನೇ ಹೋಗ್ಬೇಕು.

ತಮಾಷೆ ಅಂದ್ರೆ, ಇದೇ ಟೈಮಲ್ಲಿ ನಾನು ನನ್ನ ಮೊದಲ ಸೆಕೆಂಡ್ ಹ್ಯಾಂಡ್ ಕಾರು ಹುಡುಕ್ತಿದ್ದೆ. ಬಿಕಾಂ ಓದಿರೋನಿಗೆ ಎಂಜಿನ್‌ಗಿಂತ ಪೇಪರ್ ಬೇಗ ಅರ್ಥ ಆಗತ್ತೆ. ಹಾಗಾಗಿ ಕಾರು ನೋಡೋಕೆ ಹೋಗೋ ಮುಂಚೆ ನಂಬರ್ ತರಿಸ್ಕೊಂಡು ಎಂಪರಿವಾಹನ್ ಆಪಲ್ಲಿ ಹಾಕ್ತಿದ್ದೆ. ಇನ್ಶೂರೆನ್ಸ್ ಇದೆಯಾ, ಬಾಕಿ ಚಲನ್ ಎಷ್ಟು, ರಿಜಿಸ್ಟ್ರೇಷನ್ ಯಾವಾಗ ಆಗಿದ್ದು. ಖಾಸಗಿ ಕಾರಿಗೆ ರಿಜಿಸ್ಟ್ರೇಷನ್ 15 ವರ್ಷ, ಆಮೇಲೆ ರಿನ್ಯೂವಲ್ ಖರ್ಚು ನಿಮ್ಮ ತಲೆ ಮೇಲೆ. ಆರ್‌ಸಿಯಲ್ಲಿ ಬ್ಯಾಂಕ್ ಹೆಸರಿದ್ರೆ, ಲೋನ್ ತೀರಿದ ಪತ್ರದ ಜೊತೆ ಬ್ಯಾಂಕ್ ಸೈನ್ ಮಾಡಿದ ಫಾರ್ಮ್ 35 ಬೇಕು. ಬೇರೆ ರಾಜ್ಯದ ಗಾಡಿ ಅಗ್ಗಕ್ಕೆ ಸಿಗತ್ತೆ ಅಂತ ಓಡಬೇಡಿ. ಎನ್ಒಸಿ ತರಬೇಕು, ಇಲ್ಲಿ ಮತ್ತೆ ಲೈಫ್‌ಟೈಮ್ ಟ್ಯಾಕ್ಸ್ ಕಟ್ಟಬೇಕು. ಉಳಿದದ್ದೆಲ್ಲ ಅಲ್ಲೇ ಹೋಗತ್ತೆ.

ಇನ್ನು ಕಾರು. ಬೆಳಗ್ಗೆ ಹೋಗಿ, ಎಂಜಿನ್ ತಣ್ಣಗಿರುವಾಗ. ನೀವು ಬರೋ ಮುಂಚೆ ಸ್ಟಾರ್ಟ್ ಮಾಡಿ ಬಿಸಿ ಮಾಡಿಟ್ಟಿದ್ರೆ ಯಾಕೆ ಅಂತ ಕೇಳಿ. ಬಾನೆಟ್ ಎತ್ತಿ ಹಿಂಜ್ ಬೋಲ್ಟ್ ನೋಡಿ. ಪೇಂಟ್ ಕಿತ್ತು ಸ್ಪ್ಯಾನರ್ ಗುರುತು ಬಿದ್ದಿದ್ರೆ ಬಾನೆಟ್ ಬಿಚ್ಚಿದಾರೆ ಅಂತ ಅರ್ಥ. ಮೀಟರಲ್ಲಿ 30,000 ಕಿಲೋಮೀಟರ್ ತೋರಿಸ್ತಿದ್ದು, ಪೆಡಲ್ ರಬ್ಬರ್ ಸವೆದು ನುಣ್ಣಗಾಗಿದ್ರೆ ಮೀಟರ್ ನಂಬಬೇಡಿ, ಸರ್ವಿಸ್ ಹಿಸ್ಟರಿ ತರಿಸಿ. ಟೈರ್ ಮೇಲೆ ನಾಲ್ಕಂಕಿ ಇರತ್ತೆ. 2319 ಅಂದ್ರೆ 2019ರ 23ನೇ ವಾರ ತಯಾರಾಗಿದ್ದು.

ನಂಗೆ ಒಂದು ಕಾರು ಬಹಳ ಇಷ್ಟ ಆಗಿತ್ತು. ಕೆಂಪು ಬಣ್ಣ, ಒಳಗೆ ಹೊಸ ಸೀಟ್ ಕವರ್, ಘಮಘಮ ಪರ್ಫ್ಯೂಮ್. ಜೊತೆಗೆ ಬಂದಿದ್ದ ಮೆಕ್ಯಾನಿಕ್ ಏನೂ ಮಾತಾಡ್ಲಿಲ್ಲ, ಹಿಂದಿನ ಸೀಟ್‌ಬೆಲ್ಟ್ ಕೊನೇ ತನಕ ಎಳೆದ್ರು. ತುದೀಲಿ ಒಣಗಿದ ಕೆಸರಿನ ಗೆರೆ. 2022ರ ಸೆಪ್ಟೆಂಬರಲ್ಲಿ ಬೆಳ್ಳಂದೂರು, ಯಮಲೂರು ಕಡೆ ಬೇಸ್‌ಮೆಂಟಲ್ಲಿ ಕಾರು ಮುಳುಗಿದ್ದು ನೆನಪಿದೆಯಲ್ಲ? ಇದು ಎಲ್ಲಿ ಮುಳುಗಿತ್ತೋ ಏನೋ, ಕೇಳೋಕೆ ಹೋಗ್ಲಿಲ್ಲ. ಮೆಕ್ಯಾನಿಕ್‌ಗೆ ಕೊಟ್ಟ ದುಡ್ಡು ಅಲ್ಲೇ ವಸೂಲಾಯ್ತು.

ಕೊನೆಗೆ ಒಂದು ಬಿಳಿ ಕಾರು ತಗೊಂಡೆ. ಫಾರ್ಮ್ 29 ಅಂದ್ರೆ ಮಾರಾಟದ ತಿಳಿವಳಿಕೆ, ಫಾರ್ಮ್ 30 ಅಂದ್ರೆ ಹೆಸರು ಬದಲಾವಣೆಯ ಅರ್ಜಿ. ರಾಜ್ಯದೊಳಗೆ ಮಾರಿದೋರು 14 ದಿನದಲ್ಲಿ ತಿಳಿಸ್ಬೇಕು, ಕೊಂಡೋರು 30 ದಿನದಲ್ಲಿ. ಎರಡನ್ನೂ ಒಂದು ಅಕ್ಷರ ಬಿಡದೆ ತುಂಬಿಸಿಯೇ ಸೈನ್ ಹಾಕಿಸ್ದೆ. ಡೆಲಿವರಿ ನೋಟಲ್ಲಿ ತಾರೀಖಿನ ಜೊತೆ ಗಂಟೆ, ನಿಮಿಷಾನೂ ಬರೆದ್ವಿ. ಮಾರಿದೋರು ನಗಾಡಿದ್ರು, ಆಮೇಲೆ ಒಂದು ಕಾಪಿ ಅವರೂ ಇಸ್ಕೊಂಡ್ರು. ಅವರು ಸಹಿ, ಓಟಿಪಿಗೆ ಸಿಗದೇ ಹೋದ್ರೆ ಅಂತ, ಹೆಸರು ಬದಲಾಗೋ ತನಕ 15,000 ರೂಪಾಯಿ ಹಿಡ್ಕೊಂಡಿದ್ದೆ. ಇದನ್ನ ಅಡ್ವಾನ್ಸ್ ಕೊಡೋ ಮುಂಚೆನೇ ಮಾತಾಡ್ಕೊಳ್ಳಿ, ಆಮೇಲೆ ಕೇಳಿದ್ರೆ ಜಗಳ.

ಇನ್ಶೂರೆನ್ಸ್ ಮರೀಬೇಡಿ. ಥರ್ಡ್ ಪಾರ್ಟಿ ಕವರ್ ಗಾಡಿ ಜೊತೆ ಬರತ್ತೆ, ಆದ್ರೆ ನಿಮ್ಮ ಕಾರಿನ ಡ್ಯಾಮೇಜ್ ಕ್ಲೈಮ್ ಹಾಗಲ್ಲ. 14 ದಿನದೊಳಗೆ ಕಂಪನಿಗೆ ಅರ್ಜಿ ಹಾಕಿ ಪಾಲಿಸಿ ನಿಮ್ಮ ಹೆಸರಿಗೆ ಮಾಡಿಸ್ಕೊಳ್ಳಿ. ನೋ ಕ್ಲೈಮ್ ಬೋನಸ್ ಹಳೇ ಮಾಲೀಕರದ್ದು, ಅದು ನಿಮಗೆ ಬರಲ್ಲ.

ಅಪ್ಪನ ಕಾರಿನ ಕಥೆ ಮುಗಿದಿಲ್ಲ. ಬ್ರೋಕರ್ ನಂಬರ್ ಚಾಲ್ತಿಯಲ್ಲಿಲ್ಲ. ಕ್ಯಾಶಲ್ಲಿ ನಡೆದ ವ್ಯವಹಾರ, ಕೈಲಿ ಒಂದು ಚೀಟಿ ಇಲ್ಲ. ಆರ್‌ಟಿಒಗೆ, ಪೊಲೀಸ್ ಸ್ಟೇಷನ್‌ಗೆ ಬರವಣಿಗೆಯಲ್ಲಿ ಕೊಟ್ಟು ಸೀಲ್ ಹಾಕಿಸ್ಕೊಂಡಿದೀವಿ. ಚಲನ್ ಫೋಟೋದಲ್ಲಿ ಜಂಕ್ಷನ್ ಹೆಸರಿದೆ, ಈ ಶನಿವಾರ ನಾನು, ಅಪ್ಪ ಇಬ್ರೂ ಆ ಏರಿಯಾ ಸುತ್ತೋಕೆ ಹೋಗ್ತಿದೀವಿ. ನಿನ್ನೆ ಆಪಲ್ಲಿ ಆ ಕಾರಿನ ಇನ್ಶೂರೆನ್ಸ್ ನೋಡಿದೆ. ಮುಗಿದು ಎರಡು ವರ್ಷ ಆಗಿದೆ. ಅಪ್ಪನಿಗೆ ಇನ್ನೂ ಹೇಳಿಲ್ಲ.