ಕಾಣದ ಗಾಯಕ್ಕೆ ಅರ್ಜಿ ಬರೆಯುವವರು

1969ರ ಸೆಪ್ಟೆಂಬರ್. ಅಮೆರಿಕದ ಬಾಸ್ಟನ್‌ನಲ್ಲಿರುವ ಮಾಜಿ ಸೈನಿಕರ ಸರ್ಕಾರಿ ಆಸ್ಪತ್ರೆಯಲ್ಲಿ ಸಾರಾ ಹೇಲಿ ಎಂಬ ಸೋಷಿಯಲ್ ವರ್ಕರ್‌ಗೆ ಅಂದು ಕೆಲಸದ ಮೊದಲ ದಿನ. ಎದುರಿಗೆ ಕೂತವನು ವಿಯೆಟ್ನಾಂನಿಂದ ವಾಪಸಾದ ಸೈನಿಕ, ಭಯದಿಂದ ಕಂಗಾಲಾಗಿದ್ದ. ತನ್ನ ತುಕಡಿಯವರು ಮೈ ಲಾಯ್ ಎಂಬ ಹಳ್ಳಿಗೆ ನುಗ್ಗಿ ಹೆಂಗಸರು, ಮಕ್ಕಳೆನ್ನದೆ ಕೊಂದರು, ತಾನು ಮಾತ್ರ ಗುಂಡು ಹಾರಿಸಲಿಲ್ಲ, ಅದಕ್ಕೇ ಜೊತೆಗಾರರು ಮುಗಿಸಿಬಿಡುವುದಾಗಿ ಹೆದರಿಸಿದ್ದಾರೆ, ಈಗ ಹುಡುಕಿಕೊಂಡು ಬಂದೇ ಬರುತ್ತಾರೆ ಎಂದ. ಹೇಲಿ ಎಲ್ಲವನ್ನೂ ಬರೆದುಕೊಂಡು ಸಿಬ್ಬಂದಿ ಸಭೆಗೆ ಹೋದರು.

ಅಲ್ಲಿ ರೋಗದ ಹೆಸರು ಆಗಲೇ ತಯಾರಾಗಿತ್ತು: ಪ್ಯಾರನಾಯ್ಡ್ ಸ್ಕಿಜೋಫ್ರೇನಿಯಾ. ಇಲ್ಲದ್ದನ್ನು ಕಂಡವನ ಬಡಬಡಿಕೆ ಎಂಬುದು ಹಿರಿಯರ ತೀರ್ಮಾನ. ಹೇಲಿ ಒಪ್ಪಲಿಲ್ಲ. ಅವನು ಹೇಳಿದ್ದು ನಡೆದದ್ದೇ ಆಗಿದ್ದರೆ, ಅದೊಂದನ್ನು ಬಿಟ್ಟು ಹುಚ್ಚಿನ ಬೇರೆ ಯಾವ ಲಕ್ಷಣ ಇವನಲ್ಲಿದೆ ಎಂದು ವಾದಿಸಿದರು. ಸಭೆ ನಕ್ಕಿತು. ಹೊಸಬಳು, ತಿಳಿಯದು ಎಂದುಕೊಂಡರು.

ಹೆಚ್ಚು ದಿನ ಕಳೆದಿರಲಿಲ್ಲ. ನವೆಂಬರ್‌ನಲ್ಲಿ ಪತ್ರಕರ್ತ ಸೀಮೋರ್ ಹರ್ಷ್ ಅವರ ವರದಿ ಹೊರಬಿತ್ತು. 1968ರ ಮಾರ್ಚ್ 16ರಂದು ಮೈ ಲಾಯ್‌ನಲ್ಲಿ ಅಮೆರಿಕದ ಸೈನಿಕರು ನೂರಾರು ನಿರಾಯುಧ ಹಳ್ಳಿಗರನ್ನು ಕೊಂದಿದ್ದರು. ಆ ರೋಗಿ ಹೇಳಿದ್ದು ಅದನ್ನೇ.

ಹೇಲಿಗೆ ಮಾತ್ರ ಅವನ ಮಾತು ನಂಬಬೇಕೆನಿಸಿದ್ದು ಏಕೆ? ಅವರ ತಂದೆ ಎರಡನೇ ಮಹಾಯುದ್ಧದಲ್ಲಿದ್ದವರು. ಯುದ್ಧದಲ್ಲಿ ಮನುಷ್ಯ ಎಂಥ ಕೆಲಸಕ್ಕೂ ಇಳಿಯಬಲ್ಲ ಎಂಬುದನ್ನು ಮಗಳು ಮನೆಯಲ್ಲೇ ಕೇಳಿ ಬೆಳೆದಿದ್ದರು. ಹಾಗೆಂದು ಆಸ್ಪತ್ರೆಯ ವೈದ್ಯರನ್ನು ಕಟುಕರೆನ್ನಲಾಗದು. ಅವರ ಕೈಪಿಡಿಯಲ್ಲೇ ಈ ನೋವಿಗೆ ಜಾಗವಿರಲಿಲ್ಲ. ಅಮೆರಿಕದ ಮನೋವೈದ್ಯರ ಸಂಘ 1952ರಲ್ಲಿ ತಂದ ಮೊದಲ ಕೈಪಿಡಿಯಲ್ಲಿ ಯುದ್ಧದಂಥ ಘೋರ ಒತ್ತಡದಿಂದ ಬರುವ ತೊಂದರೆಗೆ ಒಂದು ಹೆಸರಿತ್ತು. 1968ರ ಎರಡನೇ ಆವೃತ್ತಿಯಲ್ಲಿ ಅದನ್ನು ಕೈಬಿಟ್ಟರು. ವಿಯೆಟ್ನಾಂನಲ್ಲಿ ಯುದ್ಧ ಉರಿಯುತ್ತಿದ್ದಾಗಲೇ!

ಮುಂದಿನ ಹತ್ತು ವರ್ಷ ಆ ಖಾಲಿ ಜಾಗ ತುಂಬಿಸುವ ಹೋರಾಟ. 1970ರ ಕೊನೆಗೆ ನ್ಯೂಯಾರ್ಕ್‌ನಲ್ಲಿ ಯುದ್ಧ ವಿರೋಧಿ ಮಾಜಿ ಸೈನಿಕರು ತಾವೇ ಕೂತು ಮಾತಾಡುವ ಗುಂಪುಗಳನ್ನು ಕಟ್ಟಿಕೊಂಡರು. ಮನೋವೈದ್ಯರಾದ ರಾಬರ್ಟ್ ಜೇ ಲಿಫ್ಟನ್ ಮತ್ತು ಚೈಮ್ ಶಾಟನ್ ಅಲ್ಲಿ ವೈದ್ಯರ ಕುರ್ಚಿ ಬಿಟ್ಟು ಅವರ ನಡುವೆ ಕೂತರು. ಹೇಲಿ 1974ರಲ್ಲಿ ಪ್ರಮುಖ ಮನೋವೈದ್ಯಕೀಯ ಪತ್ರಿಕೆಯೊಂದರಲ್ಲಿ ಲೇಖನ ಬರೆದರು. ಕ್ರೌರ್ಯವನ್ನು ತಾನೇ ಎಸಗಿದವನು ಬಂದು ಎದುರು ಕೂತಾಗ ಚಿಕಿತ್ಸೆ ಕೊಡುವವರು ಅಸಹ್ಯಪಡದೆ, ಮುಖ ತಿರುಗಿಸದೆ ಕೇಳಿಸಿಕೊಳ್ಳುವುದು ಹೇಗೆಂಬುದೇ ಅದರ ವಸ್ತು. ಈ ಮೂವರೂ ಸೇರಿ ಪ್ರಕರಣಗಳನ್ನು ಕಲೆಹಾಕಿ ಕೈಪಿಡಿ ಸಮಿತಿಯ ಮುಂದಿಟ್ಟರು. 1980ರ ಮೂರನೇ ಆವೃತ್ತಿಯಲ್ಲಿ ಪಿಟಿಎಸ್‌ಡಿ ಎಂಬ ಹೆಸರು ಬಂತು, ಅಂದರೆ ಆಘಾತದ ನಂತರ ಕಾಡುವ ಮಾನಸಿಕ ಒತ್ತಡದ ಕಾಯಿಲೆ. ಅದೇ ವರ್ಷ ಅಮೆರಿಕದ ಮಾಜಿ ಸೈನಿಕರ ಇಲಾಖೆ, ಎಲ್ಲರೂ ಕರೆಯುವಂತೆ ‘ವಿಎ’, ತನ್ನ ಪರಿಹಾರ ಪಟ್ಟಿಯಲ್ಲಿ ಅದಕ್ಕೆ 9411 ಎಂಬ ಸಂಖ್ಯೆ ಕೊಟ್ಟಿತು. ಅಲ್ಲಿಯವರೆಗೆ ಕಾಲು ಕಳೆದುಕೊಂಡವನಿಗೆ ಅರ್ಜಿಯಲ್ಲಿ ತುಂಬಲು ಒಂದು ಕಲಂ ಇತ್ತು, ಯುದ್ಧದಿಂದ ನಿದ್ದೆ ಕಳೆದುಕೊಂಡವನ ನೋವಿಗೆ ಅದರದೇ ಹೆಸರಿನ ಕಲಂ ಇರಲಿಲ್ಲ.

ಸಂಖ್ಯೆಯೇನೋ ಬಂತು. ಆದರೆ ಅರ್ಜಿ ತುಂಬುವವರು ಯಾರು? ಇಲ್ಲಿಂದ ಶುರುವಾಗುತ್ತದೆ ‘ಸರ್ವಿಸ್ ಆಫೀಸರ್’ಗಳ ಕೆಲಸ. ಹೆಸರಿನಲ್ಲಿ ಆಫೀಸರ್ ಇದ್ದರೂ ಇವರು ಸೇನಾಧಿಕಾರಿಗಳಲ್ಲ, ವಕೀಲರೂ ಅಲ್ಲ. ಬಹುಮಂದಿ ತಾವೇ ಮಾಜಿ ಸೈನಿಕರು. ತರಬೇತಿ ಪಡೆದು, ವಿಎ ಮಾನ್ಯತೆ ಪಡೆದು, ಇನ್ನೊಬ್ಬರ ಕ್ಲೇಮಿಗೆ ಪೈಸೆ ಪಡೆಯದೆ ದುಡಿಯುವವರು. ಕೆಲವರಿಗೆ ಸಂಬಳ ಕೊಡುವುದು ಕೌಂಟಿ, ಅಂದರೆ ಅಲ್ಲಿನ ಜಿಲ್ಲಾಡಳಿತ. ಇನ್ನು ಕೆಲವರು ಅಮೆರಿಕನ್ ಲೀಜನ್, ವಿಎಫ್‌ಡಬ್ಲ್ಯೂ, ಡಿಎವಿಯಂಥ ಸಂಘಗಳವರು. ಡಿಎವಿಯನ್ನು 1920ರಲ್ಲಿ ಕಟ್ಟಿದ ರಾಬರ್ಟ್ ಮಾರ್ಕ್ಸ್ ಮೊದಲ ಮಹಾಯುದ್ಧದಲ್ಲಿ ಗಾಯಗೊಂಡ ಸಿನ್ಸಿನಾಟಿಯ ನ್ಯಾಯಾಧೀಶ.

ವಕೀಲರೇಕೆ ಇರಲಿಲ್ಲ ಎಂಬುದಕ್ಕೊಂದು ಸ್ವಾರಸ್ಯದ ಕಾರಣವಿದೆ. ಅಮೆರಿಕದ ಅಂತರ್ಯುದ್ಧದ ಕಾಲದಲ್ಲಿ ಸೈನಿಕರ ಪಿಂಚಣಿ ನುಂಗುವ ದಲ್ಲಾಳಿಗಳ ಕಾಟ ಹೆಚ್ಚಿ, 1864ರಲ್ಲಿ ಒಂದು ಕ್ಲೇಮಿಗೆ 10 ಡಾಲರ್‌ಗಿಂತ ಹೆಚ್ಚು ಫೀಸು ಪಡೆಯಬಾರದೆಂದು ಕಾನೂನಾಯಿತು. ಆ 10 ಡಾಲರ್ 1988ರವರೆಗೂ ಹತ್ತೇ ಆಗಿ ಉಳಿಯಿತು. ಅಷ್ಟಕ್ಕೆ ಯಾವ ವಕೀಲ ಬರುತ್ತಾನೆ? 1988ರಲ್ಲಿ ಕಾನೂನು ಬದಲಾಗಿ, ವಿಎ ತೀರ್ಪನ್ನು ಪ್ರಶ್ನಿಸಲು ಪ್ರತ್ಯೇಕ ನ್ಯಾಯಾಲಯವೂ ಬಂತು. ಈಗಲೂ ಮೊದಲ ತೀರ್ಮಾನ ಬರುವ ತನಕ ವಕೀಲರು ಫೀಸು ಕೇಳುವಂತಿಲ್ಲ. ಹಾಗಾಗಿ ಮೊದಲ ಅರ್ಜಿಗೆ ಇಂದಿಗೂ ಸರ್ವಿಸ್ ಆಫೀಸರ್‌ಗಳೇ ಗತಿ.

ಕ್ಲೇಮು ಗೆಲ್ಲಲು ಮೂರು ಬೇಕು. ಈಗ ಕಾಯಿಲೆ ಇದೆ ಎಂಬ ವೈದ್ಯರ ಮಾತು. ಸೇವೆಯಲ್ಲಿದ್ದಾಗ ಮನಸ್ಸನ್ನು ಒಡೆದ ಘಟನೆ ನಡೆಯಿತೆಂಬ ಆಧಾರ. ಅದಕ್ಕೂ ಇದಕ್ಕೂ ಇರುವ ನಂಟು. ಹೇಳುವಷ್ಟು ಸುಲಭವಲ್ಲ ಎನ್ನುವುದು ಎರಡನೆಯದಕ್ಕೆ ಬಂದಾಗ ಗೊತ್ತಾಗುತ್ತದೆ. ಸೇನೆ ಎಲ್ಲವನ್ನೂ ಬರೆದಿಡುವುದಿಲ್ಲ. ಬರೆದಿಟ್ಟದ್ದೂ ಉಳಿಯುವುದಿಲ್ಲ. 1973ರ ಜುಲೈ 12ರಂದು ಸೇಂಟ್ ಲೂಯಿಸ್ ಬಳಿಯ ದಾಖಲೆ ಭವನಕ್ಕೆ ಬೆಂಕಿ ಬಿದ್ದು 1.6 ಕೋಟಿಯಿಂದ 1.8 ಕೋಟಿ ಸೈನಿಕರ ಕಡತಗಳು ಸುಟ್ಟವು. 1960ಕ್ಕೂ ಮೊದಲು ಭೂಸೇನೆಯಿಂದ ಬಿಡುಗಡೆಯಾದವರ ಕಡತಗಳಲ್ಲಿ ಸುಮಾರು ಶೇ 80ರಷ್ಟು ಅಲ್ಲೇ ಹೋದವು. ಅಂಥವರು ಬಂದರೆ ಸರ್ವಿಸ್ ಆಫೀಸರ್ ಪತ್ತೇದಾರನಾಗುತ್ತಾನೆ. ತುಕಡಿಯ ದಿನವಹಿ ಹಾಜರಿ ವರದಿ, ಹಡಗಿನ ಲಾಗ್ ಪುಸ್ತಕ, ಅಂದು ಹೆಂಡತಿಗೆ ಬರೆದ ಕಾಗದ, ಬದುಕುಳಿದ ಜೊತೆಗಾರನ ಹೇಳಿಕೆ ಎಲ್ಲವನ್ನೂ ಹುಡುಕಿಸುತ್ತಾನೆ. ಜೊತೆಗಾರನ ಹೇಳಿಕೆಗೆ ಅಲ್ಲಿ ‘ಬಡ್ಡಿ ಲೆಟರ್’ ಎಂದೇ ಹೆಸರು.

ಸೇನೆಯೊಳಗೇ ಅತ್ಯಾಚಾರಕ್ಕೆ ಒಳಗಾದವರ ಕ್ಲೇಮಂತೂ ಇನ್ನೂ ಸೂಕ್ಷ್ಮ. ದೂರು ಕೊಟ್ಟವರೇ ಕಡಿಮೆ, ಕಾಗದ ಎಲ್ಲಿಂದ ಬರಬೇಕು? ಅದಕ್ಕೇ ನಿಯಮವೇ ಸುತ್ತುಬಳಸಿನ ಗುರುತುಗಳನ್ನು ಒಪ್ಪುತ್ತದೆ: ಆ ದಿನಗಳಲ್ಲಿ ದಿಢೀರನೆ ವರ್ಗಾವಣೆ ಕೇಳಿದ್ದು, ಚೆನ್ನಾಗಿದ್ದ ಕೆಲಸ ಒಮ್ಮೆಗೇ ಹದಗೆಟ್ಟದ್ದು, ಕುಡಿತ ಹತ್ತಿದ್ದು, ಗರ್ಭ ಪರೀಕ್ಷೆ ಮಾಡಿಸಿದ್ದು, ಪಾದ್ರಿಯ ಬಳಿಯೋ ಕೋಣೆಯ ಗೆಳತಿಯ ಬಳಿಯೋ ಹೇಳಿಕೊಂಡದ್ದು. ಇಂಥ ಚೂರುಗಳನ್ನು ಹಳೆಯ ಕಡತದಿಂದ ಹೆಕ್ಕಿ ಸಾಲಾಗಿ ಜೋಡಿಸುವುದು ಓದಿನಿಂದ ಬರುವ ವಿದ್ಯೆಯಲ್ಲ.

ಆಮೇಲೆ ವೈದ್ಯರ ಪರೀಕ್ಷೆ. ಅನೇಕ ಕ್ಲೇಮುಗಳು ಮುಗ್ಗರಿಸುವುದು ಇಲ್ಲೇ. ಸೈನಿಕ ಅಂದು ಕ್ಷೌರ ಮಾಡಿಸಿಕೊಂಡು, ಇಸ್ತ್ರಿ ಅಂಗಿ ತೊಟ್ಟು, ಹೇಳಿದ ಹೊತ್ತಿಗೆ ಹತ್ತು ನಿಮಿಷ ಮೊದಲೇ ಹಾಜರಾಗುತ್ತಾನೆ. ಹೇಗಿದ್ದೀರಿ ಎಂದರೆ ಚೆನ್ನಾಗಿದ್ದೇನೆ ಎನ್ನುತ್ತಾನೆ. ಸೇನೆ ಕಲಿಸಿದ್ದೇ ಹಾಗೆ. ವೈದ್ಯರು ಅದನ್ನೇ ಬರೆದುಕೊಳ್ಳುತ್ತಾರೆ. ಅದಕ್ಕೇ ಅನುಭವಿ ಸರ್ವಿಸ್ ಆಫೀಸರ್ ಮೊದಲೇ ಹೇಳಿ ಕಳಿಸುತ್ತಾನೆ: ಒಳ್ಳೆಯ ದಿನದ ಕಥೆ ಬೇಡ, ಕೆಟ್ಟ ದಿನದ್ದು ಹೇಳು. ಸುಳ್ಳು ಒಂದೂ ಬೇಡ, ಆದರೆ ನಿಜವನ್ನೂ ಮುಚ್ಚಬೇಡ. ರಾತ್ರಿ ಎಷ್ಟು ಸಲ ಎದ್ದು ಬಾಗಿಲ ಚಿಲಕ ನೋಡುತ್ತೀ, ಹೋಟೆಲಿನಲ್ಲಿ ಗೋಡೆಗೆ ಬೆನ್ನು ಕೊಟ್ಟೇ ಏಕೆ ಕೂರುತ್ತೀ, ಮಗಳ ಮದುವೆಯಲ್ಲಿ ಪಟಾಕಿ ಸದ್ದಾದಾಗ ಎಲ್ಲಿಗೆ ಹೋದೆ, ಇದನ್ನು ಹೇಳು.

ಇನ್ನು ಲೆಕ್ಕ. ಮನಸ್ಸಿನ ಕಾಯಿಲೆಗಳಿಗೆ ಸೊನ್ನೆ, 10, 30, 50, 70, 100 ಎಂಬ ಶೇಕಡಾ ಮೆಟ್ಟಿಲುಗಳಿವೆ, ನಡುವೆ ಬೇರೇನಿಲ್ಲ. 2025ರ ದರದಲ್ಲಿ, ಅವಲಂಬಿತರಿಲ್ಲದವರಿಗೆ ಶೇ 10ಕ್ಕೆ ತಿಂಗಳಿಗೆ 175 ಡಾಲರ್ ಚಿಲ್ಲರೆ, ಶೇ 100ಕ್ಕೆ 3,831 ಡಾಲರ್. ಪರ ವಿರೋಧದ ಸಾಕ್ಷ್ಯ ಸಮತೂಕವಾದರೆ ತೀರ್ಪು ಸೈನಿಕನ ಕಡೆಗೇ ಆಗಬೇಕೆಂದು ಕಾನೂನಿದೆ. 1990ರ ತೀರ್ಪೊಂದರಲ್ಲಿ ಅಲ್ಲಿನ ನ್ಯಾಯಾಲಯ ಇದನ್ನು ಗಲ್ಲಿ ಬೇಸ್‌ಬಾಲ್‌ನ ನಿಯಮಕ್ಕೆ ಹೋಲಿಸಿತು. ನಮ್ಮ ಕ್ರಿಕೆಟ್ ಅಂಪೈರುಗಳು ಸಂಶಯದ ಲಾಭವನ್ನು ಬ್ಯಾಟ್ ಹಿಡಿದವನಿಗೆ ಕೊಡುವ ಹಾಗೆ.

ಕಾನೂನು ಒಳ್ಳೆಯದೇ. ಆದರೆ ಬಹುಕಾಲ, ನೇರ ಕಾದಾಟದಲ್ಲಿದ್ದೆ ಎಂದು ತೋರಿಸಲಾಗದವರು ತಮ್ಮ ಪ್ರತಿ ಭೀತಿಗೂ ಸಾಕ್ಷಿ ಒದಗಿಸಬೇಕಿತ್ತು. ಇರಾಕ್‌ನಲ್ಲಿ ಲಾರಿ ಓಡಿಸಿದವರು, ಅಡುಗೆ ಮಾಡಿದವರು ರಸ್ತೆ ಬದಿಯ ಬಾಂಬಿಗೆ ದಿನವೂ ಹೆದರಿ ಬದುಕಿದ್ದರೂ ಕಾಗದದಲ್ಲಿ ಅವರು ‘ಯುದ್ಧ ಮಾಡಿದವರಲ್ಲ’. 2010ರ ಜುಲೈನಲ್ಲಿ ನಿಯಮ ಸಡಿಲಗೊಂಡು, ಶತ್ರು ದಾಳಿಯ ಭಯವೂ ಸಾಕು, ಅದು ಸೇವೆಯ ಸ್ಥಳ, ಸ್ವರೂಪಕ್ಕೆ ಹೊಂದಿದ್ದು ವಿಎ ಮನೋವೈದ್ಯರು ದೃಢಪಡಿಸಿದರಾಯಿತು ಎಂದಾಯಿತು. ಇನ್ನೊಂದು ಕಗ್ಗಂಟು ಅಗೌರವದ ಬಿಡುಗಡೆ. ಪಿಟಿಎಸ್‌ಡಿಯಿಂದಲೇ ಕುಡಿದು, ಜಗಳವಾಡಿ ಸೇನೆಯಿಂದ ಹೊರಬಿದ್ದವನಿಗೆ ಆ ಬಿಡುಗಡೆ ಪತ್ರವೇ ಪರಿಹಾರಕ್ಕೆ ಅಡ್ಡಿಯಾಗುತ್ತಿತ್ತು. ಬಿಡುಗಡೆಯ ದರ್ಜೆ ಬದಲಿಸಿಕೊಡಿ ಎಂಬ ಅಂಥವರ ಮನವಿಯನ್ನು ಉದಾರವಾಗಿ ಪರಿಶೀಲಿಸಬೇಕೆಂದು ರಕ್ಷಣಾ ಕಾರ್ಯದರ್ಶಿ ಚಕ್ ಹೇಗಲ್ ಸುತ್ತೋಲೆ ಹೊರಡಿಸಿದ್ದು 2014ರಲ್ಲಿ. ವಿಯೆಟ್ನಾಂ ಮುಗಿದು ಆಗಲೇ 40 ವರ್ಷವಾಗುತ್ತ ಬಂದಿತ್ತು.

ದಲ್ಲಾಳಿಗಳೂ ಮರಳಿದ್ದಾರೆ. ಮಾನ್ಯತೆಯಿಲ್ಲದೆ, ‘ಕನ್ಸಲ್ಟೆಂಟ್’ ಎಂಬ ಫಲಕ ಹಾಕಿಕೊಂಡು, ಹೆಚ್ಚಿದ ಪರಿಹಾರದಲ್ಲಿ ಹಲವು ತಿಂಗಳ ಪಾಲು ಕೇಳುವವರಿಗೆ ಅಲ್ಲಿ ‘ಕ್ಲೇಮ್ ಶಾರ್ಕ್’ ಎನ್ನುತ್ತಾರೆ. ಉಚಿತ ಸಹಾಯ ಪಕ್ಕದ ಬೀದಿಯಲ್ಲೇ ಇದ್ದರೂ ಜನ ಇವರ ಬಲೆಗೆ ಬೀಳುತ್ತಾರೆ. ಉಚಿತದವನ ಬಾಗಿಲಲ್ಲಿ ಸಾಲು ಉದ್ದ.

ಇದನ್ನೆಲ್ಲ ಓದುವ ಕನ್ನಡಿಗರಿಗೆ ಕೊಡಗು, ಹಾಸನ, ಬೆಳಗಾವಿ ಕಡೆಯ ನಿವೃತ್ತ ಸೈನಿಕರ ಮನೆಗಳು ನೆನಪಾಗದೆ ಇರವು. ನಮ್ಮಲ್ಲಿ ಅಂಗವೈಕಲ್ಯ ಪಿಂಚಣಿಗೆ ಅಡ್ಡ ಬರುವ ವಾಕ್ಯ ಒಂದೇ: ಕಾಯಿಲೆ ಸೇವೆಯಿಂದ ಬಂದದ್ದೂ ಅಲ್ಲ, ಸೇವೆಯಿಂದ ಉಲ್ಬಣಿಸಿದ್ದೂ ಅಲ್ಲ. 2013ರ ಧರಮ್‌ವೀರ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಈ ವಾಕ್ಯಕ್ಕೆ ಮೂಗುದಾರ ಹಾಕಿತು. ಸೇರುವಾಗ ದಾಖಲಾಗದ ಕಾಯಿಲೆ ಆಮೇಲೆ ಕಂಡರೆ ಅದು ಸೇವೆಯಿಂದಲೇ ಬಂತೆಂದು ಭಾವಿಸಬೇಕು, ರುಜುವಾತಿನ ಹೊರೆ ಸೈನಿಕನ ಮೇಲಿಲ್ಲ ಎಂದಿತು. ಸ್ಕಿಜೋಫ್ರೇನಿಯಾ ಎಂದು ಮನೆಗೆ ಕಳಿಸಿದ್ದ ಸಿಪಾಯಿಯೊಬ್ಬರ ಪ್ರಕರಣದಲ್ಲಿ 2025ರ ಮೇನಲ್ಲಿ ಅದೇ ನ್ಯಾಯಾಲಯ, ಕಾರಣ ಬರೆಯದ ಮೆಡಿಕಲ್ ಬೋರ್ಡ್ ವರದಿಯನ್ನು ನೆಚ್ಚಿ ಪಿಂಚಣಿ ತಡೆಯಲಾಗದು ಎಂದು ಹೇಳಿತು. 2023ರ ಸೆಪ್ಟೆಂಬರ್ ನಂತರ ನಿವೃತ್ತರಾದವರಿಗೆ ಹೊಸ ನಿಯಮಗಳಿವೆ, ಅವನ್ನು ಬೇರೆಯಾಗಿಯೇ ಓದಿಕೊಳ್ಳಬೇಕು.

ತೀರ್ಪುಗಳಿವೆ, ಪಕ್ಕದಲ್ಲಿ ಕೂತು ಕಾಗದ ಜೋಡಿಸಿಕೊಡುವ ಕೈಗಳು ಸಾಲವು. ಮನೆಯಲ್ಲಿ, ನೆರೆಯಲ್ಲಿ ನಿದ್ದೆಗೆಟ್ಟ ನಿವೃತ್ತ ಸೈನಿಕರಿದ್ದರೆ ಅವರ ಡಿಸ್‌ಚಾರ್ಜ್ ಪುಸ್ತಕ, ಮೆಡಿಕಲ್ ಬೋರ್ಡ್ ಪ್ರತಿ, ಆಸ್ಪತ್ರೆ ಚೀಟಿಗಳನ್ನು ಒಂದು ಕಡತದಲ್ಲಿ ಸೇರಿಸಿ ಜಿಲ್ಲೆಯ ಸೈನಿಕ ಕಲ್ಯಾಣ ಕಚೇರಿಗೆ ಕರೆದೊಯ್ಯಿರಿ. ಮಾತಾಡಬೇಕೆನಿಸಿದರೆ ಟೆಲಿ ಮಾನಸ್ ಸಂಖ್ಯೆ 14416 ಹಗಲು ರಾತ್ರಿ ತೆರೆದಿದೆ. ಕರೆ ಉಚಿತ, ಕನ್ನಡದಲ್ಲೂ ಮಾತಾಡುತ್ತಾರೆ.