‘ನೆರವು ಮತ್ತು ಸಲಹೆ’: ಸಂಸದೀಯ ಗಣರಾಜ್ಯದಲ್ಲಿ ರಾಷ್ಟ್ರಪತಿಯ ಸ್ಥಾನ

ಗಣರಾಜ್ಯವೆಂಬ ಮಾತು ರಾಷ್ಟ್ರದ ಮುಖ್ಯಸ್ಥನು ವಂಶಪಾರಂಪರ್ಯವಾಗಿ ಬಂದವನಲ್ಲ ಎಂಬುದನ್ನಷ್ಟೇ ತಿಳಿಸುತ್ತದೆ. ಆಳುವವರು ಯಾರು ಎಂಬುದನ್ನಲ್ಲ. ಅಮೆರಿಕ ಸಂಯುಕ್ತ ಸಂಸ್ಥಾನವೂ ಗಣರಾಜ್ಯ, ಭಾರತವೂ ಗಣರಾಜ್ಯ. ಅಲ್ಲಿ ಅಧ್ಯಕ್ಷನೇ ಕಾರ್ಯಾಂಗದ ನಿಜವಾದ ಒಡೆಯ. ಶಾಸಕಾಂಗದ ಬಹುಮತ ವಿರುದ್ಧವಿದ್ದರೂ ಅವನು ತನ್ನ ನಾಲ್ಕು ವರ್ಷಗಳನ್ನು ಪೂರೈಸಬಲ್ಲ. ಇಲ್ಲಿ ಲೋಕಸಭೆಯ ವಿಶ್ವಾಸ ಇರುವವರೆಗೆ ಮಾತ್ರ ಸರ್ಕಾರ. ಈ ದೃಷ್ಟಿಯಿಂದ ಭಾರತವು ಅಮೆರಿಕಕ್ಕಿಂತ ರಾಜಪ್ರಭುತ್ವದ ಬ್ರಿಟನ್ನಿಗೇ ಹೆಚ್ಚು ಹತ್ತಿರ. ಆದರೆ ಬ್ರಿಟನ್ನಿನ ಅರಸನನ್ನು ಮಂತ್ರಿಗಳ ಸಲಹೆಗೆ ಬದ್ಧಗೊಳಿಸಿರುವುದು ದೀರ್ಘಕಾಲದ ಸಂಪ್ರದಾಯ. ಅಂತಹ ಹಿನ್ನೆಲೆಯಿಲ್ಲದ ಚುನಾಯಿತ ರಾಷ್ಟ್ರಪತಿಯನ್ನು ಬದ್ಧಗೊಳಿಸುವುದು ಯಾವುದು? ಸಂಸದೀಯ ಗಣರಾಜ್ಯದ ವೈಶಿಷ್ಟ್ಯವನ್ನು ಈ ಪ್ರಶ್ನೆಯ ಮೂಲಕವೇ ಅರಿಯಬೇಕೆಂದು ನಮ್ಮ ಅಭಿಪ್ರಾಯ.

1937ರ ಐರ್ಲೆಂಡ್ ಸಂವಿಧಾನವು, ತಾನೇ ಹೆಸರಿಸಿದ ಸಂದರ್ಭಗಳ ಹೊರತು, ಅಧ್ಯಕ್ಷನು ಸರ್ಕಾರದ ಸಲಹೆಯಂತೆಯೇ ಅಧಿಕಾರ ಚಲಾಯಿಸಬೇಕೆಂದು ಸ್ಪಷ್ಟವಾಗಿ ವಿಧಿಸಿತು. ನಮ್ಮ ಸಂವಿಧಾನಕರ್ತೃಗಳು ಆ ದಾರಿ ಹಿಡಿಯಲಿಲ್ಲ. 53ನೆಯ ಅನುಚ್ಛೇದವು ಒಕ್ಕೂಟದ ಕಾರ್ಯಾಂಗಾಧಿಕಾರವನ್ನು ರಾಷ್ಟ್ರಪತಿಯಲ್ಲಿ ನೆಲೆಗೊಳಿಸಿತು. 74ನೆಯದು ‘ನೆರವು ಮತ್ತು ಸಲಹೆ’ ನೀಡಲು ಮಂತ್ರಿಪರಿಷತ್ತು ಇರತಕ್ಕದ್ದೆಂದು ಹೇಳಿ ಸುಮ್ಮನಾಯಿತು. ರಾಷ್ಟ್ರಪತಿಗೆ ಮಾರ್ಗದರ್ಶಕವಾಗಬೇಕಿದ್ದ ಸೂಚನೆಗಳ ಅನುಸೂಚಿಯೊಂದು ಪ್ರಸ್ತಾಪದಲ್ಲಿದ್ದರೂ 1949ರ ಅಕ್ಟೋಬರಿನಲ್ಲಿ ಅದನ್ನು ಕೈಬಿಡಲಾಯಿತು. ಸಂಪ್ರದಾಯವೇ ಸಾಕೆಂಬ ನಂಬಿಕೆ ಅದರ ಹಿಂದಿತ್ತು.

ನಂಬಿಕೆಗೆ ಮೊದಲ ಪೆಟ್ಟು ಬೀಳಲು ಎರಡು ವರ್ಷವೂ ಬೇಕಾಗಲಿಲ್ಲ. ಹಿಂದೂ ಸಂಹಿತೆ ಮಸೂದೆಯ ವಿಷಯದಲ್ಲಿ ರಾಷ್ಟ್ರಪತಿ ರಾಜೇಂದ್ರ ಪ್ರಸಾದರು ಸ್ವಂತ ವಿವೇಚನೆಯಂತೆ ನಡೆಯುವ ಇಂಗಿತವನ್ನು 1951ರಲ್ಲಿ ಪ್ರಧಾನಿ ನೆಹರೂ ಅವರಿಗೆ ಬರೆದು ತಿಳಿಸಿದರು. ಅಟಾರ್ನಿ ಜನರಲ್ ಸೆತಲ್ವಾಡರ ಅಭಿಪ್ರಾಯ ಅದಕ್ಕೆ ಅನುಕೂಲವಾಗಿರಲಿಲ್ಲ. 1960ರ ನವೆಂಬರಿನಲ್ಲಿ ದೆಹಲಿಯ ಭಾರತೀಯ ಕಾನೂನು ಸಂಸ್ಥೆಯಲ್ಲಿ ಅವರು ಇದೇ ಪ್ರಶ್ನೆಯನ್ನು ಬಹಿರಂಗವಾಗಿ ಎತ್ತಿದರು. ಸಲಹೆಯಂತೆ ನಡೆಯಲೇಬೇಕೆಂಬ ಮಾತು ಸಂವಿಧಾನದಲ್ಲಿ ಎಲ್ಲಿದೆ? ಅಕ್ಷರಶಃ ನೋಡಿದರೆ ಅವರ ಮಾತು ನಿಜವೇ ಆಗಿತ್ತು. ಆದರೆ ಅಕ್ಷರವನ್ನೇ ಹಿಡಿದಿದ್ದರೆ ಲೋಕಸಭೆಗೆ ಹೊಣೆಯಾಗದ ಕಾರ್ಯಾಂಗವೊಂದು ಹುಟ್ಟಿಕೊಳ್ಳುತ್ತಿತ್ತು. 1974ರ ಶಂಶೇರ್ ಸಿಂಗ್ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯದ ಏಳು ನ್ಯಾಯಮೂರ್ತಿಗಳ ಪೀಠವು ರಾಷ್ಟ್ರಪತಿ ಸಾಂವಿಧಾನಿಕ ಮುಖ್ಯಸ್ಥ ಮಾತ್ರವೆಂದು ಸಾರಿತು. ಸಲಹೆಯಂತೆಯೇ ನಡೆಯತಕ್ಕದ್ದೆಂಬ ಮಾತು ಪಠ್ಯಕ್ಕೆ ಸೇರಿದ್ದು ತುರ್ತುಪರಿಸ್ಥಿತಿಯ ಕಾಲದಲ್ಲಿ, 1976ರ 42ನೆಯ ತಿದ್ದುಪಡಿಯಿಂದ. ಸಲಹೆಯನ್ನು ಒಮ್ಮೆ ಮರುಪರಿಶೀಲನೆಗೆ ಹಿಂದಿರುಗಿಸುವ ಅವಕಾಶ 1978ರ 44ನೆಯ ತಿದ್ದುಪಡಿಯಿಂದ ಬಂದಿತು. ಈ ಅವಕಾಶ ಕ್ಷುಲ್ಲಕವಲ್ಲ. ಉತ್ತರ ಪ್ರದೇಶದಲ್ಲಿ ರಾಷ್ಟ್ರಪತಿ ಆಳ್ವಿಕೆ ಹೇರುವ ಶಿಫಾರಸನ್ನು 1997ರಲ್ಲಿಯೂ, ಬಿಹಾರದ ಶಿಫಾರಸನ್ನು 1998ರಲ್ಲಿಯೂ ಕೆ.ಆರ್. ನಾರಾಯಣನ್ ಹಿಂದಿರುಗಿಸಿದರು.

ಸಡಿಲವಾದ ಬಂಧ ಎಲ್ಲಿಗೆ ಒಯ್ಯಬಲ್ಲದೆಂಬುದಕ್ಕೆ ಜರ್ಮನಿಯ ಅನುಭವ ಸಾಕು. 1919ರ ವೈಮಾರ್ ಸಂವಿಧಾನದ ಅಧ್ಯಕ್ಷನು ನೇರವಾಗಿ ಚುನಾಯಿತನಾಗಿದ್ದು, 48ನೆಯ ಅನುಚ್ಛೇದದ ತುರ್ತು ಅಧಿಕಾರವನ್ನೂ ಪಡೆದಿದ್ದನು. 1930ರ ನಂತರ ಚಾನ್ಸಲರುಗಳು ಸಂಸತ್ತಿನ ಬಹುಮತಕ್ಕಿಂತ ಹಿಂಡೆನ್‌ಬರ್ಗರ ಕೃಪೆಯನ್ನೇ ಅವಲಂಬಿಸಿದರು. 1933ರ ಜನವರಿ 30ರಂದು ಹಿಟ್ಲರನು ನೇಮಕಗೊಂಡನು. 1949ರ ಮೂಲ ಕಾನೂನು ಅಧ್ಯಕ್ಷನನ್ನು ಪರೋಕ್ಷ ಚುನಾವಣೆಗೆ ಇಳಿಸಿ, ಚಾನ್ಸಲರನನ್ನು ಆರಿಸುವ ಕಾರ್ಯವನ್ನು ಬುಂಡೆಸ್ಟಾಗ್ ಸಭೆಗೇ ವಹಿಸಿತು. ಉತ್ತರಾಧಿಕಾರಿಯನ್ನು ಚುನಾಯಿಸದೆ ಚಾನ್ಸಲರನನ್ನು ಅವಿಶ್ವಾಸಮತದಿಂದ ಇಳಿಸುವಂತಿಲ್ಲವೆಂದೂ ವಿಧಿಸಿತು.

ಭಾರತದಲ್ಲಿ ಅಂತಹ ವ್ಯವಸ್ಥೆಯಿಲ್ಲ. ಸಲಹೆ ನೀಡಬೇಕಾದ ಮಂತ್ರಿಮಂಡಲವೇ ಇನ್ನೂ ರಚನೆಯಾಗದಿರುವಾಗ 74ನೆಯ ಅನುಚ್ಛೇದ ಮೌನ ತಾಳುತ್ತದೆ. ಯಾರಿಗೂ ಬಹುಮತ ಬಾರದ 1996ರಲ್ಲಿ ಶಂಕರ ದಯಾಳ ಶರ್ಮರು ಅತಿದೊಡ್ಡ ಪಕ್ಷದ ನಾಯಕರೆಂದು ವಾಜಪೇಯಿ ಅವರನ್ನು ಆಹ್ವಾನಿಸಿದರು; ಆ ಸರ್ಕಾರ 13 ದಿನ ಬಾಳಿತು. 1998ರಲ್ಲಿ ನಾರಾಯಣನ್ ಅದೇ ನಾಯಕರಿಂದ ಮೊದಲು ಬೆಂಬಲಪತ್ರಗಳನ್ನು ಕೇಳಿದರು. ಎರಡೂ ಕ್ರಮಗಳಿಗೆ ಆಧಾರ ಒಂದೇ, 75ನೆಯ ಅನುಚ್ಛೇದ. ರಾಜ್ಯಗಳ ಮಟ್ಟದಲ್ಲಿ ಇದಕ್ಕೊಂದು ಮಿತಿ ಕರ್ನಾಟಕದ ಪ್ರಕರಣದಿಂದಲೇ ಬಂದಿತು. 1989ರ ಏಪ್ರಿಲಿನಲ್ಲಿ ಎಸ್.ಆರ್. ಬೊಮ್ಮಾಯಿ ಅವರ ಸರ್ಕಾರವನ್ನು, ಸದನದಲ್ಲಿ ಬಹುಮತ ಸಾಬೀತುಪಡಿಸಲು ಅವಕಾಶ ನೀಡದೆ, ವಜಾಗೊಳಿಸಲಾಯಿತು. ಬಹುಮತದ ಪರೀಕ್ಷೆ ನಡೆಯಬೇಕಾದುದು ಸದನದಲ್ಲಿಯೇ ಹೊರತು ರಾಜ್ಯಪಾಲರ ಅಭಿಪ್ರಾಯದಲ್ಲಲ್ಲವೆಂದು ಒಂಬತ್ತು ನ್ಯಾಯಮೂರ್ತಿಗಳ ಪೀಠವು 1994ರ ಮಾರ್ಚಿನಲ್ಲಿ ತೀರ್ಪಿತ್ತಿತು. ಅಷ್ಟರಲ್ಲಿ ಆ ವಿಧಾನಸಭೆ ವಿಸರ್ಜನೆಯಾಗಿ ಐದು ವರ್ಷಗಳಾಗುತ್ತ ಬಂದಿದ್ದವು.